ಗೀಜಗನ ಗೂಡಿನಲ್ಲಿ ಮಿಂಚುಹುಳದ ದೀಪ ಇರುತ್ತಾ?

ಪ್ರಶ್ನೆ: ಗೀಜಗ ಹಕ್ಕಿ ಗೂಡಿನೊಳಗೆ ಹಸಿಮಣ್ಣು ಮೆತ್ತಿ, ಅದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತಂತೆ. ನಿಜವಾ?

ಇಲ್ಲ. ಮುಂಗಾರು ಶುರುವಾದರೆ ಸಾಕು, ಮಂಡ್ಯ, ಪಾಂಡವಪುರದ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಮೇಷ್ಟ್ರುಗಳೂ ಇರುತ್ತಾರೆ, ಅದೇ ಬೇಜಾರು.

ಮಣ್ಣಿನ ಮಾತು ನಿಜ. ಬಾವಿ ಪಕ್ಕದ ಈಚಲು ಮರದಿಂದ ಬಿದ್ದ ಗೂಡನ್ನು ಬಿಡಿಸಿ ನೋಡಿ, ಒಳಗೆ ಒಣಮಣ್ಣು ಸಿಗುತ್ತದೆ. ಅದನ್ನು ಮೆತ್ತುವುದು ಗಂಡು, ಅದೂ ಗೂಡು ಅರ್ಧ ಆಗಿರುವಾಗ. ಆಗ ಮೊಟ್ಟೆ ಇಲ್ಲ, ಮರಿ ಇಲ್ಲ, ಕೊಳವೆಯಂಥ ಬಾಗಿಲೂ ಇಲ್ಲ. ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆ ಉಳಿದ ಕೆಲಸ. ಹೆಂಡತಿಯೇ ಇನ್ನೂ ಒಪ್ಪದ ಮನೆಗೆ ದೀಪ ಯಾರಿಗೆ?

ಇನ್ನು, ಹುಳ ಹಿಡಿಯುವುದು ಯಾವಾಗ? ಮಿಂಚುಹುಳ ಹೊರಡುವುದು ಕತ್ತಲಾದ ಮೇಲೆ. ಅಷ್ಟು ಹೊತ್ತಿಗೆ ಗೀಜಗ ಮಲಗಿರುತ್ತದೆ. ಹಿಡಿದು ಅಂಟಿಸಿತು ಅಂತಲೇ ಇಟ್ಟುಕೊಳ್ಳಿ. ಹುಳದ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರಿದರೆ ಬೆಳಕು. ಅದನ್ನು ಹೊತ್ತಿಸಿ ಆರಿಸುವುದು ಜೀವಂತ ಹುಳ. ಮಣ್ಣಲ್ಲಿ ಸಿಕ್ಕಿ ಸತ್ತರೆ ದೀಪವೂ ಹೋಯ್ತು. ಹಾಗಾದರೆ ದಿನಾ ಹೊಸದು ತರಬೇಕು, ಗೂಡಿನ ತುಂಬ ಸತ್ತ ಹುಳ ಸಿಗಬೇಕು, ಅಲ್ವಾ?

"ನಮ್ಮ ತಾತ ಕಣ್ಣಾರೆ ನೋಡಿದ್ದಾರೆ ಸಾರ್" ಅನ್ನುತ್ತಾರೆ. ನೋಡಿರಬಹುದು. ನೀರಿನ ಪಕ್ಕದ ಮರದ ಸುತ್ತ ಮಳೆಗಾಲದಲ್ಲಿ ಮಿಂಚುಹುಳ ಹಾರದೆ ಇನ್ನೇನು? ಮಣ್ಣು ಮೆತ್ತುವುದು ಗಾಳಿಗೆ ಗೂಡು ಜಾಸ್ತಿ ತೂಗಾಡದಿರಲಿ ಅಂತ ಎಂಬುದು ಒಂದು ಊಹೆ.

ಮಿಂಚುಹುಳ ಮಿನುಗುವುದು ಜೋಡಿಗಾಗಿ. ಲೋಕದಲ್ಲಿ 2,000ಕ್ಕೂ ಹೆಚ್ಚು ಜಾತಿ ಇವೆ. ಮಿನುಗುವ ಜಾತಿಗಳಲ್ಲಿ ಒಂದೊಂದಕ್ಕೂ ತನ್ನದೇ ಲಯ. ಬೆಳಕು ತೋರಿಸಿ ಹುಳ ಹಿಡಿಯುವವರೂ ಇದ್ದಾರೆ, ಆದರೆ ನ್ಯೂಜಿಲೆಂಡಿನಲ್ಲಿ. ವೈಟೊಮೊ ಗುಹೆಯ ಚಾವಣಿಯಲ್ಲಿ ಒಂದು ಜಾತಿಯ ನೊಣದ ಮರಿಹುಳ ಅಂಟುಹನಿಗಳ ರೇಷ್ಮೆ ಎಳೆ ಇಳಿಬಿಟ್ಟು ಬೆಳಗುತ್ತದೆ. ಕೆಳಗಿನ ತೊರೆಯಿಂದ ಮೇಲೆದ್ದ ಸಣ್ಣ ಹುಳಗಳು ಬೆಳಕಿನತ್ತ ಹಾರಿ ಎಳೆಗೆ ಅಂಟಿಕೊಳ್ಳುತ್ತವೆ.

ಯಾರೂ ಕೇಳದಿದ್ದರೂ ಹೇಳುತ್ತೇನೆ, ಹುಳ ಕರೆಯೋಕೆ ಬೆಳಕೇ ಬೇಕು ಅಂತಿಲ್ಲ. ಸುವರ್ಣಗೆಡ್ಡೆ ಹೂ ಬಿಟ್ಟಾಗ ಕೊಳೆತ ಮಾಂಸದ ನಾತ ಹೊಡೆಯುತ್ತದೆ, ಹೂವೇ ಬಿಸಿಯಾಗಿ ಅದನ್ನು ಹರಡುತ್ತದೆ. ಹೆಣ ತಿನ್ನುವ ಜೀರುಂಡೆಗಳು ಮೋಸ ಹೋಗಿ ಬಂದು ಪರಾಗ ಹೊತ್ತು ಹೋಗುತ್ತವೆ. ಹಿತ್ತಲಲ್ಲಿ ಇಲಿ ಸತ್ತಿದೆ ಅಂತ ಹುಡುಕುತ್ತಿರುವವರು ಒಮ್ಮೆ ಗೆಡ್ಡೆ ಹಾಕಿದ ಮೂಲೆಯನ್ನೂ ನೋಡಿ.