ಸಿಎಚ್‌ಡಿ ಮಾಡಿದರೆ ಆಟದ ಕ್ವಾಲಿಟಿ ಹೋಗುತ್ತದೆಯೇ?

ಪ್ರಶ್ನೆ: ಪ್ಲೇಸ್ಟೇಷನ್ 1 ಡಿಸ್ಕ್‌ಗಳನ್ನು ಬಿನ್ (ಡಿಸ್ಕಿನ ಪ್ರತಿ), ಕ್ಯೂ (ಅದರ ಟ್ರ್ಯಾಕುಗಳ ಪಟ್ಟಿ) ಫೈಲುಗಳಾಗಿ ತೆಗೆದಿಟ್ಟಿದ್ದೇನೆ. ಜಾಗ ಸಾಲುತ್ತಿಲ್ಲ. ಅವನ್ನು ಕುಗ್ಗಿಸಿ ಒಂದೇ ಫೈಲಾಗಿಸುವ ಸಿಎಚ್‌ಡಿಗೆ ಬದಲಿಸಿದರೆ ಹಾಡು, ವಿಡಿಯೊ ಕೆಡುತ್ತವೆಯೇ?

ಉತ್ತರ: ಕೆಡುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಒಳಗೆ ನಡೆಯುವುದನ್ನೇ ಬಿಡಿಸಿ ಹೇಳುತ್ತೇನೆ.

ಕೆಡುತ್ತದೆ ಅನ್ನುವವರ ತಲೆಯಲ್ಲಿರುವುದು ಎಂಪಿ3. ಅದು ಕಿವಿಗೆ ಅಷ್ಟಾಗಿ ಕೇಳಿಸದ್ದನ್ನು ಎಸೆಯುತ್ತದೆ, ಎಸೆದದ್ದು ವಾಪಸ್ ಬಾರದು. ಸಿಎಚ್‌ಡಿ ಜಿಪ್ ಫೈಲಿನ ಜಾತಿಯದು. ಡೇಟಾಕ್ಕೆ ಎಲ್‌ಜೆಡ್‌ಎಂಎ ಅಥವಾ ಜೆಡ್‌ಲಿಬ್, ಹಾಡಿನ ಟ್ರ್ಯಾಕಿಗೆ ಫ್ಲ್ಯಾಕ್. ಕುಗ್ಗಿಸುವ ಈ ಮೂರೂ ವಿಧಾನಗಳು ಒಂದು ಬಿಟ್ ತಪ್ಪದೆ ಹಿಂದಿರುಗಿಸುತ್ತವೆ.

ಹಾಗಾದರೆ ಜಾಗ ಉಳಿದದ್ದು ಎಲ್ಲಿಂದ? ಸಿಡಿಯ ಒಂದು ಸೆಕ್ಟರ್, ಅಂದರೆ ಒಂದು ತುಣುಕು, 2,352 ಬೈಟ್. ಸಾಮಾನ್ಯ ಡೇಟಾ ಸೆಕ್ಟರಿನಲ್ಲಿ ಆಟದ್ದು 2,048 ಮಾತ್ರ. 276 ಬೈಟ್, ಗೀರು ಬಿದ್ದಾಗ ಸರಿಪಡಿಸಲೆಂದು ಇಟ್ಟ ಲೆಕ್ಕ. 12 ಬೈಟ್, ಪ್ರತಿ ಸೆಕ್ಟರಿಗೂ ಒಂದೇ ಆಗಿರುವ ಗುರುತು. ಲೆಕ್ಕ ತಾಳೆಯಾದರೆ ಸಿಎಚ್‌ಡಿ ಇವೆರಡನ್ನೂ ಬಿಟ್ಟು, ಓದುವಾಗ ಮತ್ತೆ ಲೆಕ್ಕ ಹಾಕಿ ತುಂಬುತ್ತದೆ. ತಾಳೆಯಾಗದಿದ್ದರೆ ಇದ್ದಂತೆಯೇ ಇಡುತ್ತದೆ. ಉಳಿದದ್ದೆಲ್ಲ ಮಾಮೂಲಿ ಕಂಪ್ರೆಶನ್. ವಿಡಿಯೊ ತುಂಬಿದ ಆಟಗಳು ಅಷ್ಟಾಗಿ ಕುಗ್ಗದಿರುವುದನ್ನು ಗಮನಿಸಿ: ಆ ವಿಡಿಯೊ ಡಿಸ್ಕಿನಲ್ಲೇ ಕುಗ್ಗಿಸಿಟ್ಟದ್ದು. ಕ್ವಾಲಿಟಿ ಕಡಿದು ಜಾಗ ಉಳಿಸುವುದಾಗಿದ್ದರೆ ಅವೇ ಎಲ್ಲಕ್ಕಿಂತ ಹೆಚ್ಚು ಕುಗ್ಗಬೇಕಿತ್ತು!

ನಂಬಿಕೆ ಬಾರದಿದ್ದರೆ ಒಂದೇ ಟ್ರ್ಯಾಕಿನ ಆಟವನ್ನು ಸಿಎಚ್‌ಡಿ ಮಾಡುವ ಪ್ರೋಗ್ರಾಮ್ ಸಿಎಚ್‌ಡಿಮ್ಯಾನ್‌ನ ಎಕ್ಸ್‌ಟ್ರಾಕ್ಟ್‌ಸಿಡಿ ಕಮಾಂಡಿನಿಂದ ಹೊರತೆಗೆದು ಹಳೆಯ, ಹೊಸ ಬಿನ್‌ಗಳ ಎಸ್‌ಎಚ್‌ಎ-1 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. ಟ್ರ್ಯಾಕಿಗೊಂದು ಬಿನ್ ಇದ್ದ ಆಟ ಒಂದೇ ಬಿನ್ ಆಗಿ ಹೊರಬರಬಹುದು. ಆಗ ಹ್ಯಾಶ್ ಬೇರೆಯಾಗುವುದು ಸಹಜ, ಅದು ಕೆಟ್ಟದ್ದರ ಗುರುತಲ್ಲ.

ನಿಜವಾಗಿ ಕೆಡಿಸುವುದು ನಡುವೆ ಐಎಸ್‌ಒ ಎಂಬ ಬೇರೆ ಬಗೆಯ ಡಿಸ್ಕ್ ಫೈಲ್ ಮಾಡಿಕೊಳ್ಳುವ ಅಭ್ಯಾಸ. ಅದರಲ್ಲಿ ಹಾಡಿನ ಟ್ರ್ಯಾಕುಗಳಿಗೆ ಜಾಗವೇ ಇಲ್ಲ. ಸೋನಿಯ ಕೈಯಾಟದ ಯಂತ್ರ ಪಿಎಸ್‌ಪಿಗೆಂದು ಮಾಡಿದ ಇಬೂಟ್ ಫೈಲುಗಳಲ್ಲೂ ಸಿಡಿ ಹಾಡು ಎಂಪಿ3ಯಂಥ ಏಟ್ರ್ಯಾಕ್3 ಆಗಿ ಸವೆದಿರುತ್ತದೆ.

ಸಿಎಚ್‌ಡಿ ಮಾಡುವ ಕ್ರಿಯೇಟ್‌ಸಿಡಿ ಕಮಾಂಡಿಗೆ ಬಿನ್ ಕೊಡಬೇಡಿ, ಕ್ಯೂ ಕೊಡಿ. ಬಿನ್ ಹೆಸರು ಬದಲಿಸಿದ್ದರೆ ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಒಳಗಿನ ಹೆಸರನ್ನೂ ತಿದ್ದಿ. ಇಲ್ಲವಾದರೆ ಫೈಲ್ ಸಿಗಲಿಲ್ಲವೆಂದು ನಿಲ್ಲುತ್ತದೆ. ಸಿಎಚ್‌ಡಿಮ್ಯಾನ್‌ನ ವೆರಿಫೈ ಓಡಿಸಿ, ಆಟ ಶುರುವಾಗುವುದನ್ನು ನೋಡಿ, ಆಮೇಲೆ ಹಳೆಯದನ್ನು ಅಳಿಸಿ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಫೈನಲ್ ಫ್ಯಾಂಟಸಿ 7ರಂಥ ಮೂರು ಡಿಸ್ಕಿನ ಆಟವನ್ನು ಒಂದೇ ಸಿಎಚ್‌ಡಿಗೆ ತುರುಕಲಾಗದು. ಮೂರು ಸಿಎಚ್‌ಡಿ ಮಾಡಿ, ಅವುಗಳ ಹೆಸರನ್ನು ಸಾಲಿಗೊಂದರಂತೆ ಒಂದು ಎಂ3ಯು ಫೈಲಿನಲ್ಲಿ ಬರೆದು, ಹಳೆಯ ಆಟ ಆಡಿಸುವ ಪ್ರೋಗ್ರಾಮ್ ರೆಟ್ರೋಆರ್ಚ್‌ನಲ್ಲಿ ಅದನ್ನೇ ತೆರೆಯಿರಿ. ಡಿಸ್ಕ್ 2ರ ಸಿಎಚ್‌ಡಿಯನ್ನು ನೇರವಾಗಿ ತೆರೆದರೆ ಅದರ ಹೆಸರಿಗೇ ಬೇರೆ ಮೆಮೊರಿ ಕಾರ್ಡ್ ಹುಟ್ಟಿ, ಡಿಸ್ಕ್ 1ರ ಸೇವ್ ಅಲ್ಲಿ ಕಾಣದೆ ಹೋಗಬಹುದು.