ಪದ ಪರಿಚಯ: ಜೆಟ್

'ಜೆಟ್ ಕಟ್ಟಿಕೊಂಡಿದೆ' ಎಂದು ಬೈಕ್ ಮೆಕ್ಯಾನಿಕ್ ಹೇಳಿದರೆ ವಿಮಾನವನ್ನು ನೆನೆಯಬೇಡಿ. ಎರಡೂ ಜೆಟ್‌ಗಳು ಹುಟ್ಟಿದ್ದು 'ಎಸೆ' ಎಂಬ ಅರ್ಥದ ಒಂದೇ ಫ್ರೆಂಚ್ ಪದದಿಂದ. ವಿಮಾನದ್ದು ಬಿಸಿ ಗಾಳಿಯನ್ನು ಹಿಂದಕ್ಕೆ ಎಸೆಯುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿಕೊಡುವ ಕಾರ್ಬುರೇಟರಿನದು ಪೆಟ್ರೋಲನ್ನು ಗಾಳಿಯ ದಾರಿಗೆ ಚಿಮ್ಮಿಸುತ್ತದೆ. ನೋಡಲು ಹಿತ್ತಾಳೆಯ ಪುಟ್ಟ ತಿರುಪು, ನಡುವೆ ಒಂದು ತೂತು. ಅಂಗಡಿಯಲ್ಲಿ ನಾವು ದುಡ್ಡು ಕೊಡುವುದು ಆ ತೂತಿಗೆ.

ಹಳೆಯ ಬೈಕುಗಳಲ್ಲಿ ಸಾಮಾನ್ಯವಾಗಿ ಐಡ್ಲಿಂಗಿಗೆ (ಆಕ್ಸಿಲರೇಟರ್ ತಿರುವದೆ ಎಂಜಿನ್ ಓಡುವುದಕ್ಕೆ) ಪೈಲಟ್ ಜೆಟ್, ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಮೇನ್ ಜೆಟ್. ನಡುವಿನ ಓಟ ನೀಡಲ್ ಜೆಟ್‌ನದು. ಅದರೊಳಗೆ ಏರಿಳಿಯುವ ಸೂಜಿಯ ಹೆಸರು ಜೆಟ್ ನೀಡಲ್. ಹೆಸರಿಟ್ಟವರಿಗೆ ಪದಗಳ ಬರವಿತ್ತೇನೋ!

ಮೊದಲು ಮುಚ್ಚಿಕೊಳ್ಳುವುದು ಪೈಲಟ್ ಜೆಟ್, ಅದರ ತೂತು ಅಷ್ಟು ಸಣ್ಣದು. ಚಿಕ್ಕಬಳ್ಳಾಪುರದ ಮನೆಯಲ್ಲಿ ನಮ್ಮ ಮಾವನ ಆರ್‌ಎಕ್ಸ್ 100 ಎರಡು ವರ್ಷ ಮೂಲೆಯಲ್ಲಿ ನಿಂತಿತ್ತು. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿತ್ತು. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತಿತ್ತು, ತೆಗೆದರೆ ನಿಲ್ಲುತ್ತಿತ್ತು. ನಾನು ಬುದ್ಧಿವಂತನಂತೆ ಕ್ಲಚ್ ಕೇಬಲ್ಲಿನ ಒಂದೆಳೆ ತಂತಿಯನ್ನು ತೂರಿಸಿ ತಿಕ್ಕಿದೆ. ತೂತೇನೋ ಬಿಟ್ಟುಕೊಂಡಿತು, ವಾರದೊಳಗೆ ಸ್ಪಾರ್ಕ್ ಪ್ಲಗ್ಗಿಗೆ ಕಾಡಿಗೆಯಂಥ ಮಸಿ ಹಿಡಿಯಿತು.

ಹಿತ್ತಾಳೆ ಮೆದು, ಉಕ್ಕಿನ ತಂತಿ ಅದನ್ನು ತುಸು ತುಸುವೇ ಕೊರೆಯುತ್ತದೆ. 0.40 ಮಿ.ಮೀ. ವ್ಯಾಸ 0.44 ಆದರೆ ಕಣ್ಣಿಗೆ ತಿಳಿಯದು. ಆದರೆ ತೂತಿನ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತದೆ. ಗಾಳಿ ಇದ್ದಷ್ಟೇ, ಪೆಟ್ರೋಲ್ ಮಾತ್ರ ಜಾಸ್ತಿ. ಇದಕ್ಕೇ ಗ್ಯಾರೇಜಿನವರು 'ರಿಚ್' ಎನ್ನುವುದು. ಕ್ಲೀನರ್ ದ್ರಾವಣದಲ್ಲಿ ನೆನೆಸಿ, ಕಂಪ್ರೆಸರಿನ ಗಾಳಿ ಹಾಯಿಸಿ, ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಇಲ್ಲವೆಂದರೆ ಹೊಸದೇ ಗತಿ.

1,478 ಮೀಟರ್ ಎತ್ತರದ ನಂದಿ ಬೆಟ್ಟ ಹತ್ತುವಾಗ ಜೆಟ್ ಬದಲಾಗದಿದ್ದರೂ ಗಾಳಿ ತೆಳುವಾಗುವುದರಿಂದ ಮಿಶ್ರಣ ಕೊಂಚ ರಿಚ್ ಆಗುತ್ತದೆ. ಅಷ್ಟಕ್ಕೆಲ್ಲ ಜೆಟ್ ಬದಲಿಸುವುದು ಅತಿ ಉತ್ಸಾಹ. ಲಡಾಖಿಗೆ ಹೊರಟಿದ್ದರೆ ಆ ಮಾತು ಬೇರೆ.

ಕೊಳ್ಳುವಾಗ ಮೇಲೆ ಕೊರೆದ ಸಂಖ್ಯೆಯನ್ನಷ್ಟೇ ನಂಬಬೇಡಿ. ಕೆಲವು ತಯಾರಕರಿಗೆ ಅದು ತೂತಿನ ವ್ಯಾಸ, ಕೆಲವರಿಗೆ ನಿಮಿಷಕ್ಕೆ ಹರಿಯುವ ಪ್ರಮಾಣ. ಒಬ್ಬರ 100 ಇನ್ನೊಬ್ಬರ 100 ಅಲ್ಲ. ಸಂಖ್ಯೆಯ ಜೊತೆಗೆ ಕಾರ್ಬುರೇಟರಿನ ಹೆಸರನ್ನೂ ಹೇಳಿ. ಹಳೆಯ ಜೆಟ್ ಜೇಬಿನಲ್ಲಿದ್ದರೆ ತಿರುಪಿನ ಮರೆಯ (ಥ್ರೆಡ್) ಅಳತೆಯನ್ನೂ ಅಲ್ಲೇ ಹೋಲಿಸಬಹುದು.