ಹಾರಿಹೋದ ಹಂದಿ, ಕೋರ್ಟು ಹತ್ತಿದ ಕವರ್

1976ರ ಡಿಸೆಂಬರ್. ಲಂಡನ್ನಿನ ಬ್ಯಾಟರ್‌ಸೀಯಲ್ಲಿ, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಚಿಮಣಿಗಳ ನಡುವೆ ಗಾಳಿ ತುಂಬಿದ ದೊಡ್ಡ ಹಂದಿಯೊಂದನ್ನು ಕಟ್ಟಿದ್ದರು. ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ ಹೊಸ ಆಲ್ಬಮ್ಮಿನ ಕವರ್‌ಗೆ ಫೋಟೊ ಬೇಕಿತ್ತು. ಹಂದಿ ಕಟ್ಟು ಬಿಡಿಸಿಕೊಂಡು, ವಿಮಾನ ಓಡಾಡುವ ದಾರಿಗೇ ಹೋಗಿ, ಕೊನೆಗೆ ಕೆಂಟ್‌ನ ಹೊಲವೊಂದರಲ್ಲಿ ಇಳಿಯಿತು.

ಮುಂದಿನ ತಿಂಗಳು ಬಂದ ಆ ಆಲ್ಬಮ್ 'ಅನಿಮಲ್ಸ್'ನಲ್ಲಿ ಮಾತ್ರ ನಗುವ ವಿಷಯ ಇರಲಿಲ್ಲ. ತಂಡದ ಹಾಡು ಬರೆಯುತ್ತಿದ್ದ ರೋಜರ್ ವಾಟರ್ಸ್ ಜನರನ್ನು ನಾಯಿ, ಹಂದಿ, ಕುರಿ ಅಂತ ಮೂರು ಗುಂಪು ಮಾಡಿದ್ದರು. ಕಚ್ಚಿ ಮೇಲೇರುವವರು, ಉಪದೇಶ ಹೇಳುವವರು, ತಲೆ ತಗ್ಗಿಸಿ ಹಿಂದೆ ನಡೆಯುವವರು.

ಇಷ್ಟು ಕಹಿ ಎಲ್ಲಿಂದ ಬಂತು? ಹತ್ತು ವರ್ಷದ ಹಿಂದೆ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್' ಕವರ್ ತುಂಬಾ ಹೂವು, ಬಣ್ಣ ಇತ್ತು. ಆಗ ಹುಡುಗರಿಗೆ ಕೆಲಸವೂ ಸಿಗುತ್ತಿತ್ತು. ಆಮೇಲೆ ಕಾಲ ಕೆಟ್ಟಿತು. 1973ರ ಕೊನೆಯಲ್ಲಿ ಗಣಿ ಕಾರ್ಮಿಕರು ಹೋರಾಟಕ್ಕಿಳಿದರು. 1974ರ ಆರಂಭದಲ್ಲಿ ಕಲ್ಲಿದ್ದಲು ಸಾಲದೆ ಹೆಚ್ಚಿನ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. 1975ರಲ್ಲಿ ಬೆಲೆ ಏರಿಕೆ ಶೇ 24ರಷ್ಟಾಯಿತು. 1976ರಲ್ಲಿ ಬ್ರಿಟನ್ ಸಾಲಕ್ಕೆ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲು ತಟ್ಟಿತು. ನಮ್ಮನ್ನು ಆಳಿದ ದೇಶ, ನೋಡಿ!

ಕೆಲಸವಿಲ್ಲದ ಹುಡುಗರಿಗೆ ಪಿಂಕ್ ಫ್ಲಾಯ್ಡ್‌ನ 17 ನಿಮಿಷದ ಹಾಡು ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ಚಿಕ್ಕ, ಒರಟು ಹಾಡುಗಳ 'ಪಂಕ್' ಸಂಗೀತದ ತಂಡ ಸೆಕ್ಸ್ ಪಿಸ್ಟಲ್ಸ್‌ನ ಗಾಯಕ ಜಾನಿ ರಾಟನ್ ಪಿಂಕ್ ಫ್ಲಾಯ್ಡ್ ಟೀ ಶರ್ಟಿನ ಮೇಲೆ 'ನನಗೆ ಇವರು ಆಗಲ್ಲ' ಅನ್ನೋ ಅರ್ಥದ ಮಾತು ಗೀಚಿ ಹಾಕಿಕೊಳ್ಳುತ್ತಿದ್ದ. ನನಗಂತೂ ಇಬ್ಬರ ಸಿಟ್ಟೂ ಒಂದೇ ಅನಿಸುತ್ತದೆ. ಒಬ್ಬರು ನಿಧಾನವಾಗಿ ಬೈದರು, ಇನ್ನೊಬ್ಬರು ಮೂರೇ ನಿಮಿಷದಲ್ಲಿ.

1977ರಲ್ಲಿ ರಾಣಿ ಪಟ್ಟಕ್ಕೇರಿದ 25ನೇ ವರ್ಷದ ಸಂಭ್ರಮ. ಆಗಲೇ ರಾಣಿಯನ್ನು ಕೆಣಕುವ ಪಿಸ್ಟಲ್ಸ್ ಹಾಡು ಬಂತು. ಬಿಬಿಸಿ ಅದನ್ನು ಹಾಕಲೇ ಇಲ್ಲ. ಆದರೂ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು! ಅಕ್ಟೋಬರ್‌ನಲ್ಲಿ ಬಂದ ಆಲ್ಬಮ್ಮಿನ ಹೆಸರಲ್ಲೇ ಒಂದು ಕೆಟ್ಟ ಮಾತಿತ್ತು. ಅದನ್ನು ಕಿಟಕಿಯಲ್ಲಿಟ್ಟ ನಾಟಿಂಗ್‌ಹ್ಯಾಮ್‌ನ ಅಂಗಡಿಯ ಮೇಲೆ ಕೇಸು ಬಿತ್ತು. ಪ್ರೊಫೆಸರ್ ಒಬ್ಬರು ಕೋರ್ಟಿಗೆ ಬಂದು, ಹಿಂದೆ ಆ ಪದವನ್ನು ಪಾದ್ರಿಗಳಿಗೂ ಬಳಸುತ್ತಿದ್ದರು ಅಂದರು. ಕೇಸು ಬಿದ್ದುಹೋಯಿತು.

1978–79ರ ಚಳಿಗಾಲದಲ್ಲಿ ಮತ್ತೆ ಮುಷ್ಕರಗಳು. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಕಸದ ರಾಶಿ ಬಿದ್ದಿತ್ತು. ಮಾರ್ಚ್‌ನಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅವಘಡ. ಡಿಸೆಂಬರ್‌ನಲ್ಲಿ ಬಂದ ಕ್ಲ್ಯಾಶ್ ಎಂಬ ಪಂಕ್ ತಂಡದ ಆಲ್ಬಮ್ 'ಲಂಡನ್ ಕಾಲಿಂಗ್'ನ ಮೊದಲ ಹಾಡಲ್ಲೇ ಅಣು ಭಯವೂ ಇದೆ, ನದಿ ಉಕ್ಕುವ ಭಯವೂ ಇದೆ. ಕೊಳ್ಳುವ ಹುಡುಗರ ಜೇಬು ತಂಡಕ್ಕೆ ಗೊತ್ತಿತ್ತು. ಆಲ್ಬಮ್ಮನ್ನು ಎರಡು ರೆಕಾರ್ಡ್ ಪ್ಲೇಟುಗಳಾಗಿ ಒಂದರ ಬೆಲೆಗೆ ಕೊಡಿ ಅಂದರೆ ಕಂಪನಿ ಒಪ್ಪಲಿಲ್ಲ. ಜೊತೆಗೆ ಸಣ್ಣದೊಂದು ಪ್ಲೇಟು ಫ್ರೀ ಕೊಡಲು ಮಾತ್ರ ಒಪ್ಪಿತು. ತಂಡದವರು ಆ ಫ್ರೀ ಪ್ಲೇಟಿನಲ್ಲೇ ಪೂರ್ತಿ ಆಲ್ಬಮ್ಮಿನಷ್ಟು ಹಾಡು ತುಂಬಿಸಿಬಿಟ್ಟರು.